ಹಳೇ 407: ಬ್ರೇಕ್ ಒತ್ತಿದರೆ ಪಾರ್ಕಿಂಗ್ ಲೈಟ್ ಉರಿಯುತ್ತೆ, ಸೆಲ್ಫ್ ಬರೀ ಟಕ್ ಅನ್ನುತ್ತೆ. ಅರ್ಥಿಂಗ್ ತೊಂದರೆಯಾ?

ಹೊಸನಗರ ಲೋಡ್

ಎಲ್ಲರಿಗೂ ನಮಸ್ಕಾರ. ಗಾಡಿ 1998ರ ಟಾಟಾ 407, 12 ವೋಲ್ಟ್. ಕುಂದಾಪುರ ಕಡೆಯಿಂದ ತಂದಿದ್ದು, ಅಲ್ಲಿ ಮೀನು ಹೊಡೆಯುತ್ತಿತ್ತು. ನಮ್ಮಲ್ಲಿ ಈಗ ಅಡಿಕೆ, ಗೊಬ್ಬರ, ಮಳೆ ನಿಂತ ಮೇಲೆ ಜಂಬಿಟ್ಟಿಗೆ. ಇಂಜಿನ್ ಬಗ್ಗೆ ಮಾತಾಡುವ ಹಾಗಿಲ್ಲ, ಹುಲಿಕಲ್ ಘಾಟಿಯನ್ನು ಲೋಡ್ ಸಮೇತ ಆರಾಮಾಗಿ ಹತ್ತುತ್ತೆ. ತಲೆನೋವೆಲ್ಲ ಕರೆಂಟಿನದ್ದು.

ಬೆಳಿಗ್ಗೆ ಕೀ ತಿರುಗಿಸಿದರೆ ಸೆಲ್ಫ್ (ಇಂಜಿನ್ ಸ್ಟಾರ್ಟ್ ಮಾಡುವ ಮೋಟಾರ್) ಟಕ್ ಅನ್ನುತ್ತೆ, ಅಷ್ಟೇ. ಮತ್ತೆ ಮತ್ತೆ ತಿರುಗಿಸಿದರೆ ಯಾವಾಗಲೋ ಒಮ್ಮೆ ಹಿಡಿಯುತ್ತೆ. ಹಾಗಾಗಿ ಇಳಿಜಾರು ಹುಡುಕಿ ನಿಲ್ಲಿಸುವುದೇ ಆಗಿದೆ. ಹೆಡ್‌ಲೈಟ್ ಹಾಕಿದರೆ ಟೆಂಪರೇಚರ್ ಮುಳ್ಳು ಮೇಲೆ ಹೋಗುತ್ತೆ, ಆರಿಸಿದರೆ ಇಳಿಯುತ್ತೆ. ಇಂಜಿನ್ ಬಿಸಿಯಾಗಿರುವುದೇ ಇಲ್ಲ. ಎಲ್ಲಕ್ಕಿಂತ ವಿಚಿತ್ರ ಹಿಂದಿನ ಲೈಟ್. ಬ್ರೇಕ್ ಒತ್ತಿದರೆ ಹಿಂದೆ ಮಂದವಾಗಿ ಉರಿಯುತ್ತೆ, ಜೊತೆಗೆ ಮುಂದಿನ ಪಾರ್ಕಿಂಗ್ ಲೈಟೂ ಸಣ್ಣಗೆ ಹತ್ತಿಕೊಳ್ಳುತ್ತೆ. ಸ್ವಿಚ್ ಹಾಕಿಯೇ ಇರಲ್ಲ! ಬ್ರೇಕ್ ಒತ್ತಿಕೊಂಡು ಇಂಡಿಕೇಟರ್ ಹಾಕಿದರೆ ಎರಡೂ ಸೇರಿ ಕಣ್ಣು ಮಿಟುಕಿಸುತ್ತವೆ. ಮಳೆ ಬಂದ ಮರುದಿನ ಇದೆಲ್ಲ ಜಾಸ್ತಿ.

ಬ್ಯಾಟರಿ ಹೊಸದು ಹಾಕಿಸಿದೆ, ಏನೂ ಬದಲಾಗಲಿಲ್ಲ. ಒಬ್ಬರು ಸೆಲ್ಫ್ ಬದಲಾಯಿಸಿ ಅಂದರು. ಇನ್ನೊಬ್ಬರು ಇಡೀ ವೈರಿಂಗ್ ಕಿತ್ತು ಹೊಸದು ಎಳೆಯೋಣ ಅಂದರು. ಮುಂದಿನ ತಿಂಗಳು ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್ ತಪಾಸಣೆ) ಇದೆ. ಇವೆಲ್ಲ ಬೇರೆ ಬೇರೆ ತೊಂದರೆಯಾ, ಅಥವಾ ಒಂದೇನಾ?

ಸಾಗರ ರೋಡ್ ವೈರ್‌ಮ್ಯಾನ್

ಸೆಲ್ಫ್ ತಗೋಬೇಡಿ ಅಣ್ಣ. ಸದ್ಯಕ್ಕೆ ದುಡ್ಡು ಜೇಬಲ್ಲೇ ಇರಲಿ.

ನೀವು ಹೇಳಿದ ಮೂರೂ ಅರ್ಥಿಂಗ್ ತೊಂದರೆಯೇ. ಆದರೆ ಒಂದೇ ಜಾಗದ್ದಲ್ಲ. ಬ್ಯಾಟರಿ ಪ್ಲಸ್‌ನಿಂದ ಬಲ್ಬಿಗೆ ಕರೆಂಟ್ ಹೋಗೋಕೆ ವೈರ್ ಇದೆ. ವಾಪಸ್ ಮೈನಸ್‌ಗೆ ಬರೋಕೆ ಚಾಸಿಯೇ, ಅಂದರೆ ಗಾಡಿಯ ಅಡಿಯ ಕಬ್ಬಿಣದ ಚೌಕಟ್ಟೇ ದಾರಿ. ಇದನ್ನೇ ಅರ್ಥ್ ಅನ್ನೋದು. ಇಲ್ಲಿ ಜನ ಮರೆಯೋದು ಒಂದು ವಿಷಯ: ಇಂಜಿನ್ ಚಾಸಿಗೆ ನೇರ ಅಂಟಿಕೊಂಡಿಲ್ಲ, ರಬ್ಬರ್ ಮೌಂಟಿಂಗ್ ಮೇಲೆ ಕೂತಿದೆ. ಕ್ಯಾಬಿನ್ ಕೂಡ ರಬ್ಬರ್ ಬುಷ್ ಮೇಲೆ. ರಬ್ಬರಲ್ಲಿ ಕರೆಂಟ್ ಹರಿಯಲ್ಲ. ಹಾಗಾಗಿ ಬ್ಯಾಟರಿಯಿಂದ ಚಾಸಿಗೆ ಒಂದು ಕೇಬಲ್, ಇಂಜಿನ್ನಿನಿಂದ ಚಾಸಿಗೆ ಒಂದು ಪಟ್ಟಿ, ಕ್ಯಾಬಿನ್ನಿನಿಂದ ಚಾಸಿಗೆ ಇನ್ನೊಂದು. ಇದಲ್ಲದೆ ಹಿಂದಿನ ಲ್ಯಾಂಪಿಗೆ ಅದರದ್ದೇ ಅರ್ಥ್. ನಿಮ್ಮ ಗಾಡಿಯಲ್ಲಿ ಮೊದಲನೆಯದು ಬಿಟ್ಟು ಉಳಿದದ್ದೆಲ್ಲ ಕೆಟ್ಟಿರಬಹುದು ಅಂತ ನನ್ನ ಅಂದಾಜು. ಮೀನಿನ ಗಾಡಿ ಅಂತೀರಲ್ಲ, ಐಸ್ ಕರಗಿ ಉಪ್ಪುನೀರು ವರ್ಷಗಟ್ಟಲೆ ಚಾಸಿ ಮೇಲೆ ಸುರಿದಿರುತ್ತೆ.

ಕೊಪ್ಪದ ಜೀಪು

ಮೊದಲು ಬ್ಯಾಟರಿ ಟರ್ಮಿನಲ್ ನೋಡಿ ಮಾರಾಯ್ರೆ. ಬಿಳಿ ಹಸಿರು ಪುಡಿ ಕಟ್ಟಿದ್ದರೆ ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ತೊಳೆದರೆ ಹೋಗುತ್ತೆ. ಸೋಡಾ ನೀರು ಬ್ಯಾಟರಿ ಮುಚ್ಚಳದ ಒಳಗೆ ಹೋಗದ ಹಾಗೆ ನೋಡಿಕೊಳ್ಳಿ. ನಮ್ಮ ಜೀಪಿನ ಅರ್ಧ ತೊಂದರೆ ಅಷ್ಟಕ್ಕೇ ಹೋಯ್ತು.

ಭದ್ರಾವತಿ ಫಿಟ್ಟರ್

ಒಂದು ಪ್ರಶ್ನೆ. ಬೆಳಿಗ್ಗೆ ಸೆಲ್ಫ್ ಹೊಡೆದು ಹೊಡೆದು ಸುಸ್ತಾದ ಮೇಲೆ ಆಕ್ಸಿಲರೇಟರ್ ಕೇಬಲ್ ಮುಟ್ಟಿ ನೋಡಿದ್ದೀರಾ? ಹುಷಾರಾಗಿ ಮುಟ್ಟಿ. ಬಿಸಿ ಇದ್ದರೆ ಅಲ್ಲಿಗೆ ಮುಗೀತು, ಇಂಜಿನ್ ಅರ್ಥ್ ಹೋಗಿದೆ. ಸೆಲ್ಫಿನ ಕರೆಂಟ್ ಚಾಸಿಗೆ ಬರೋಕೆ ಬೇರೆ ದಾರಿ ಇಲ್ಲದೆ ಇಂಜಿನ್ನಿಗೂ ಕ್ಯಾಬಿನ್ನಿಗೂ ನಡುವೆ ಇರುವ ಕಬ್ಬಿಣದ ಕೇಬಲ್ ಒಳಗೇ ನುಗ್ಗುತ್ತೆ. ಕೇಬಲ್ ಕೆಂಪಗಾಗಿ ಒಳಗಿನ ಪ್ಲಾಸ್ಟಿಕ್ ಕರಗಿ ಆಕ್ಸಿಲರೇಟರ್ ಸಿಕ್ಕಿಹಾಕಿಕೊಂಡ ಗಾಡಿ ನೋಡಿದ್ದೇನೆ. ಹೊಸ ಕೇಬಲ್ ಹಾಕಿಸಿ ಕಳಿಸಿದ್ದರು, ಅದೂ ಸುಟ್ಟಿತು. ಯಾಕೆ ಸುಡುತ್ತಿದೆ ಅಂತ ಯಾರೂ ಕೇಳಿರಲೇ ಇಲ್ಲ.

ಹೊಸನಗರ ಲೋಡ್

ಟರ್ಮಿನಲ್ ಚೊಕ್ಕವಾಗಿದೆ, ಬ್ಯಾಟರಿ ಹೊಸದಲ್ವಾ. ಕೇಬಲ್ ಬಿಸಿ ಇದೆ ಫಿಟ್ಟರ್ ಅಣ್ಣ! ಇಂಜಿನ್ ಶಾಖ ಇರಬಹುದು ಅನ್ನೋಣ ಅಂದರೆ ಇಂಜಿನ್ ಇನ್ನೂ ಸ್ಟಾರ್ಟೇ ಆಗಿರಲಿಲ್ಲ.

ಆದರೆ ಒಂದು ಗೊಂದಲ. ತಮ್ಮನ ಹತ್ತಿರ ಮಲ್ಟಿಮೀಟರ್ ಇದೆ. ಬ್ಯಾಟರಿ ಮೈನಸ್‌ನಿಂದ ಇಂಜಿನ್ನಿಗೆ ಇಟ್ಟು ನೋಡಿದ. ಬೀಪ್ ಅನ್ನುತ್ತೆ. ಓಮ್ಸ್‌ನಲ್ಲಿ 0.3 ತೋರಿಸುತ್ತೆ. ಅಂದರೆ ಅರ್ಥ್ ಸರಿ ಇದೆ ಅಂತ ತಾನೆ?

ಮೀಟರ್ ಮೇಷ್ಟ್ರು

ಇಲ್ಲ. ಈ ಬೀಪ್ ಶಬ್ದವೇ ಗ್ಯಾರೇಜುಗಳಲ್ಲಿ ಅತಿ ಹೆಚ್ಚು ಸೆಲ್ಫ್ ಮೋಟಾರುಗಳನ್ನು ಸುಮ್ನೆ ಮಾರಿಸಿರುವುದು.

ಮೊದಲು ಮೀಟರಿನ ಎರಡು ಕಡ್ಡಿಗಳನ್ನು ಒಂದಕ್ಕೊಂದು ತಾಗಿಸಿ ನೋಡಿ. ಅಲ್ಲೂ 0.2, 0.3 ತೋರಿಸುತ್ತೆ. ಅದು ಮೀಟರಿನ ಸ್ವಂತ ವೈರಿನ ಲೆಕ್ಕ. ಈಗ ಒಂದು ಗುಣಾಕಾರ ಮಾಡೋಣ. ಈ ಸೈಜಿನ ಡೀಸೆಲ್ ಇಂಜಿನ್ನಿನ ಸೆಲ್ಫ್ ತಿರುಗುವಾಗ 200 ಆಂಪಿಯರ್ ಎಳೆಯುತ್ತೆ ಅಂತ ಇಟ್ಟುಕೊಳ್ಳಿ. ಅರ್ಥ್ ದಾರಿಯಲ್ಲಿ ಬರೀ 0.02 ಓಮ್ ಅಡ್ಡಿ ಇದ್ದರೂ 200 ಗುಣಿಸು 0.02, ಅಂದರೆ 4 ವೋಲ್ಟ್ ಅಲ್ಲೇ ನುಂಗಿಹೋಗುತ್ತೆ. ಸೆಲ್ಫಿಗೆ ಉಳಿಯೋದು 8. ಆ 0.02 ಓಮ್ ನಿಮ್ಮ ತಮ್ಮನ ಮೀಟರಿನ ಕಣ್ಣಿಗೆ ಬೀಳೋದೇ ಇಲ್ಲ. ಓಮ್ಸ್ ನೋಡುವಾಗ ಮೀಟರ್ ಕಳಿಸುವ ಕರೆಂಟ್ ಎಷ್ಟು? ಒಂದು ಮಿಲಿ ಆಂಪಿಯರ್ ಆಸುಪಾಸು. ಪಟ್ಟಿಯಲ್ಲಿ ಒಂದೇ ಎಳೆ ತಾಮ್ರ ಉಳಿದಿದ್ದರೂ ಅದು ದಾಟುತ್ತೆ, ಬೀಪ್ ಅನ್ನುತ್ತೆ. ಕಾಲುಸಂಕದ ಮೇಲೆ ಬೆಕ್ಕು ದಾಟಿತು ಅಂತ ಲಾರಿ ಬಿಟ್ಟ ಹಾಗೆ.

ಅಳೆಯಬೇಕಾದದ್ದು ಲೋಡ್ ಇರುವಾಗ ಎಷ್ಟು ವೋಲ್ಟ್ ಬೀಳುತ್ತೆ ಅಂತ. ಮೀಟರನ್ನು ಡಿಸಿ 20 ವೋಲ್ಟಿಗೆ ಇಡಿ. ಕಪ್ಪು ಕಡ್ಡಿ ಬ್ಯಾಟರಿಯ ಮೈನಸ್ ಗೂಟದ ಮೇಲೆ. ಗಮನಿಸಿ, ಸೀಸದ ಗೂಟದ ಮೇಲೆಯೇ, ಅದನ್ನು ಹಿಡಿದಿರುವ ಕ್ಲಾಂಪಿನ ಮೇಲಲ್ಲ. ಗೂಟಕ್ಕೂ ಕ್ಲಾಂಪಿಗೂ ನಡುವೆ ತೊಂದರೆ ಇದ್ದರೆ ಅದೂ ಲೆಕ್ಕಕ್ಕೆ ಸಿಗಬೇಕು. ಕೆಂಪು ಕಡ್ಡಿ ಇಂಜಿನ್ ಬ್ಲಾಕಿನ ಬರಿ ಲೋಹದ ಮೇಲೆ, ಪೇಂಟ್ ಮೇಲೆ ಇಟ್ಟರೆ ಪ್ರಯೋಜನ ಇಲ್ಲ. ಇಂಜಿನ್ ಆರಿಸುವ ಸ್ಟಾಪ್ ಗುಂಡಿ ಎಳೆದು ಇಂಜಿನ್ ಹಿಡಿಯದ ಹಾಗೆ ಮಾಡಿ, ಗೇರ್ ನ್ಯೂಟ್ರಲ್ಲಿಗೆ ಹಾಕಿ, ತಮ್ಮನಿಗೆ ಸೆಲ್ಫ್ ಹೊಡೆಯಲು ಹೇಳಿ. ಕೆಲವೇ ಸೆಕೆಂಡ್ ಸಾಕು. ಮೀಟರ್ 0.2, 0.3 ಒಳಗೆ ಇದ್ದರೆ ಅರ್ಥ್ ಚೆನ್ನಾಗಿದೆ. ಅರ್ಧ ವೋಲ್ಟ್ ದಾಟಿದರೆ ಕೆಲಸ ಇದೆ ಅಂತ ಅರ್ಥ.

ಆಮೇಲೆ ಕೆಂಪು ಕಡ್ಡಿಯನ್ನು ಚಾಸಿಗೆ ಇಟ್ಟು ಅದನ್ನೇ ಮಾಡಿ. ಎರಡೂ ಸಂಖ್ಯೆ ಇಲ್ಲಿ ಹಾಕಿ. ಅದೇ ಹೊತ್ತಿಗೆ ಬ್ಯಾಟರಿಯ ಎರಡು ಗೂಟಗಳ ನಡುವೆ ಎಷ್ಟಿರುತ್ತೆ ಅಂತಲೂ ನೋಡಿ.

ಹೊಸನಗರ ಲೋಡ್

ಮೇಷ್ಟ್ರೆ, ಕಡ್ಡಿ ತಾಗಿಸಿದರೆ ನಿಜಕ್ಕೂ 0.3 ತೋರಿಸಿತು. ತಮ್ಮ ನಾಚಿಕೊಂಡ.

ಇವತ್ತಿನ ಲೆಕ್ಕ: ಬ್ಯಾಟರಿ ಸುಮ್ಮನಿದ್ದಾಗ 12.6. ಸೆಲ್ಫ್ ಹೊಡೆದಾಗ ಬರೀ ಟಕ್, ಬ್ಯಾಟರಿ 11.9. ಮೈನಸ್ ಗೂಟದಿಂದ ಇಂಜಿನ್ನಿಗೆ 3.8 ವೋಲ್ಟ್. ಮೈನಸ್ ಗೂಟದಿಂದ ಚಾಸಿಗೆ 0.1.

ಮೀಟರ್ ಮೇಷ್ಟ್ರು

ಇದಕ್ಕಿಂತ ಸ್ಪಷ್ಟ ಬೇಕಾ? ಬ್ಯಾಟರಿಯಿಂದ ಚಾಸಿವರೆಗೆ ದಾರಿ ಚೊಕ್ಕ. ಚಾಸಿಯಿಂದ ಇಂಜಿನ್ನಿಗೆ ಬರುವಲ್ಲಿ 3.7 ವೋಲ್ಟ್ ಹೋಗಿದೆ. ಬ್ಯಾಟರಿ 11.9ರಲ್ಲೇ ನಿಂತಿರುವುದನ್ನೂ ನೋಡಿ. ಬ್ಯಾಟರಿ ಸತ್ತಿದ್ದರೆ ಸೆಲ್ಫ್ ಹೊಡೆದ ಕೂಡಲೇ 8ಕ್ಕೋ 9ಕ್ಕೋ ಕುಸಿಯುತ್ತಿತ್ತು. ಇಲ್ಲಿ ಕರೆಂಟ್ ಹರಿಯೋಕೆ ಸರಿಯಾದ ದಾರಿಯೇ ಇಲ್ಲ, ಅದಕ್ಕೆ ಬ್ಯಾಟರಿ ಆರಾಮಾಗಿದೆ. ನಿಮ್ಮ ಹಳೇ ಬ್ಯಾಟರಿಯೂ ಚೆನ್ನಾಗೇ ಇತ್ತೇನೋ. ಈಗ ಆ ಮಾತು ಬೇಡ.

ಸಾಗರ ರೋಡ್ ವೈರ್‌ಮ್ಯಾನ್

ಬಿಚ್ಚುವ ಮೊದಲು ಒಂದು ಖಾತ್ರಿ ಮಾಡಿಕೊಳ್ಳಿ. ಜಂಪರ್ ಕೇಬಲ್ ಇದ್ದರೆ ಒಂದು ತುದಿ ಬ್ಯಾಟರಿ ಮೈನಸ್‌ಗೆ, ಇನ್ನೊಂದು ತುದಿ ಇಂಜಿನ್ನಿನ ದಪ್ಪ ಕಬ್ಬಿಣಕ್ಕೆ ಕಚ್ಚಿಸಿ. ಫ್ಯಾನು, ಬೆಲ್ಟಿನಿಂದ ದೂರ ಇರಲಿ. ಆಗ ಸೆಲ್ಫ್ ಹೊಡೆಯಿರಿ. ತಿರುಗಿದರೆ ಮುಗೀತು.

ಆಮೇಲೆ ಗಾಡಿ ಕೆಳಗೆ ಮಲಗಿ. ಇಂಜಿನ್ ಅಥವಾ ಗೇರ್‌ಬಾಕ್ಸಿನಿಂದ ಚಾಸಿಗೆ ಹೋಗುವ ಹೆಣೆದ ತಾಮ್ರದ ಪಟ್ಟಿ ಎಲ್ಲೋ ಇರಬೇಕು. ಇಷ್ಟು ಹಳೇ ಗಾಡಿಯಲ್ಲಿ ಇಂಥ ಕಡೆಯೇ ಇರುತ್ತೆ ಅಂತ ಹೇಳೋಕಾಗಲ್ಲ, ಯಾರ್ಯಾರೋ ಎಲ್ಲೆಲ್ಲೋ ಕಟ್ಟಿರುತ್ತಾರೆ. ಕ್ಲಚ್ ಕೆಲಸ ಏನಾದರೂ ಆಗಿತ್ತಾ? ಗೇರ್‌ಬಾಕ್ಸ್ ಇಳಿಸುವಾಗ ಈ ಪಟ್ಟಿ ಬಿಚ್ಚುತ್ತಾರೆ. ಹಾಕುವಾಗ ಅವಸರ.

ಬ್ಯಾಟರಿ ಕಳಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ. ಪ್ಲಸ್ ಬಿಚ್ಚುವಾಗ ಸ್ಪ್ಯಾನರ್ ಚಾಸಿಗೆ ತಾಗಿದರೆ ಅಲ್ಲೇ ವೆಲ್ಡಿಂಗ್ ಆಗುತ್ತೆ. ಬೀಡಿ ಸೇದುವವರನ್ನು ಬ್ಯಾಟರಿಯಿಂದ ದೂರ ಕಳಿಸಿ.

ಅಡಿಕೆ ಲೋಡ್ ತೀರ್ಥಹಳ್ಳಿ

ಎಫ್‌ಸಿಗೆ ಅಂತ ಪೇಂಟ್ ಹೊಡೆಸಿದ ಮೇಲೆ ನನ್ನ ಗಾಡಿಗೂ ಹೀಗೇ ಆಗಿತ್ತು. ಪೇಂಟರ್ ಚಾಸಿ ಪೂರ್ತಿ ಕಪ್ಪು ಬಳಿದಿದ್ದ. ಪೇಂಟ್ ಒಳಗೆ ಹೋಗಿ ಅರ್ಥ್ ಕೆಡಿಸಿದೆ ಅಂತ ಎಲ್ಲರೂ ಅಂದರು.

ಭದ್ರಾವತಿ ಫಿಟ್ಟರ್

ಬಿಗಿಯಾಗಿರುವ ಲಗ್ (ಕೇಬಲ್ ತುದಿಯಲ್ಲಿ ಬೋಲ್ಟ್ ಹಾಕುವ ತೂತಿನ ಲೋಹದ ತುಂಡು) ಮೇಲೆ ಪೇಂಟ್ ಬಿದ್ದರೆ ಏನೂ ಆಗಲ್ಲ, ಒಳ್ಳೇದೇ, ನೀರು ಹೋಗಲ್ಲ. ಪೇಂಟ್ ಆದ ಮೇಲೆ ಬೋಲ್ಟ್ ಬಿಚ್ಚಿ ಕೆರೆಯದೆ ವಾಪಸ್ ಹಾಕಿದರೆ ಆಗ ಕೆಡುತ್ತೆ. ಬೋಲ್ಟಿನ ಥ್ರೆಡ್ ಮೂಲಕ ಅಷ್ಟಿಷ್ಟು ಕರೆಂಟ್ ಹೋಗುತ್ತೆ, ಲೈಟ್ ಉರಿಯುತ್ತೆ, ಸೆಲ್ಫ್ ತಿರುಗಲ್ಲ.

ವೆಲ್ಡಿಂಗ್ ವಿಷಯವೂ ಬಂತಲ್ಲ, ಹೇಳಿಬಿಡ್ತೇನೆ. ಬಾಡಿ ಕೆಲಸಕ್ಕೆ ವೆಲ್ಡಿಂಗ್ ಮಾಡಿಸುವಾಗ ಬ್ಯಾಟರಿಯ ಎರಡೂ ಟರ್ಮಿನಲ್ ಬಿಚ್ಚಿಸಿ, ಡೈನಮೋದ (ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್) ವೈರ್ ತೆಗೆಸಿ. ವೆಲ್ಡಿಂಗ್ ಅರ್ಥ್ ಕ್ಲಾಂಪನ್ನು ವೆಲ್ಡ್ ಮಾಡುವ ಜಾಗದ ಹತ್ತಿರವೇ ಹಾಕಿಸಿ. ಕ್ಲಾಂಪ್ ಬಂಪರಿಗೆ ಹಾಕಿ ಹಿಂದಿನ ಬಾಗಿಲಿಗೆ ವೆಲ್ಡ್ ಮಾಡಿದರೆ ಆ ಕರೆಂಟ್ ಎಲ್ಲೆಲ್ಲಿ ತಿರುಗಾಡಿ ಬರುತ್ತೆ ಅಂತ ದೇವರಿಗೇ ಗೊತ್ತು. ಡೈನಮೋದ ಡಯೋಡ್ ಹೋಗೋದು ಹೀಗೇ.

ಹೊಸನಗರ ಲೋಡ್

ಜಂಪರ್ ಕೇಬಲ್ ಕಚ್ಚಿಸಿ ಕೀ ತಿರುಗಿಸಿದೆ. ಗರ್ರ್ ಅಂತ ಒಂದೇ ಏಟಿಗೆ ಹಿಡೀತು! ಮನೆಯವರೆಲ್ಲ ಅಂಗಳಕ್ಕೆ ಬಂದರು.

ಪಟ್ಟಿ ಸಿಕ್ಕಿತು. ಕ್ಲಚ್ ಕೆಲಸ ಹಿಂದಿನ ಓನರ್ ಮಾಡಿಸಿದ್ದರಂತೆ, ಫೋನ್ ಮಾಡಿ ಕೇಳಿದೆ. ಬೆಲ್ ಹೌಸಿಂಗ್ (ಕ್ಲಚ್ ಮುಚ್ಚಿರುವ ಕವಚ) ಪಕ್ಕ ಒಂದು ಬ್ರಾಕೆಟ್‌ಗೆ ಕಟ್ಟಿದ್ದಾರೆ. ಮೇಲಿಂದ ನೋಡಿದರೆ ಗಟ್ಟಿಯಾಗೇ ಕಾಣುತ್ತೆ, ಎಣ್ಣೆ ಮಣ್ಣು ಮೆತ್ತಿಕೊಂಡಿತ್ತು ಅಷ್ಟೇ. ಸೀಮೆಎಣ್ಣೆಯಲ್ಲಿ ಒರೆಸಿದ ಮೇಲೆ ಬಣ್ಣ ಗೊತ್ತಾಯಿತು, ಹಸಿರು ಕಿಲುಬು. ಬೆರಳಲ್ಲಿ ತಿಕ್ಕಿದರೆ ತಾಮ್ರದ ಎಳೆಗಳು ಪುಡಿಪುಡಿಯಾಗಿ ಉದುರಿದವು. ಲಗ್ ಹತ್ತಿರ ಒಂದು ಮೂಲೆಯಲ್ಲಿ ನಾಲ್ಕಾರು ಎಳೆ ಮಾತ್ರ ಹಿಡಿದುಕೊಂಡಿದ್ದವು. ಬೀಪ್ ಕೊಟ್ಟಿದ್ದು ಅವೇ ಇರಬೇಕು. ಬೋಲ್ಟ್ ಬಿಚ್ಚಿದರೆ ಲಗ್ ಅಡಿಯಲ್ಲಿ ಕಪ್ಪು ಪೇಂಟ್ ಹೊಳೀತಾ ಇದೆ.

ಹೊಸ ಪಟ್ಟಿ ಯಾವ ಸೈಜ್ ತರಲಿ? ನಾಳೆ ಶಿವಮೊಗ್ಗಕ್ಕೆ ಹೋಗುವುದಿದೆ.

ಸಾಗರ ರೋಡ್ ವೈರ್‌ಮ್ಯಾನ್

ಆಟೋ ಕಾಂಪ್ಲೆಕ್ಸ್ ಕಡೆ ಹೋದರೆ ಹೆಣೆದ ಪಟ್ಟಿ ರೆಡಿ ಸಿಗುತ್ತೆ. ಸಿಗಲಿಲ್ಲ ಅಂದರೆ 50 ಸ್ಕ್ವೇರ್ ಎಂಎಂ ವೆಲ್ಡಿಂಗ್ ಕೇಬಲ್, ಎರಡು ತುದಿಗೆ ತಾಮ್ರದ ಲಗ್ ಒತ್ತಿಸಿ. ಕೇಬಲ್‌ನಲ್ಲಿ ತಾಮ್ರ ಇದೆಯಾ ಅಂತ ತುದಿ ಕೆರೆದು ನೋಡಿ. ಈಗ ಅಲ್ಯೂಮಿನಿಯಂ ಮೇಲೆ ತಾಮ್ರದ ಬಣ್ಣ ಬಂದಿರೋ ಮಾಲು ಜಾಸ್ತಿ. ಸ್ವಲ್ಪ ಸಡಿಲ ಇರುವಷ್ಟು ಉದ್ದ ಇರಲಿ, ಇಂಜಿನ್ ಅಲುಗಾಡುತ್ತಲ್ವಾ, ಬಿಗಿಯಾಗಿ ಎಳೆದು ಕಟ್ಟಿದರೆ ಲಗ್ ಬುಡದಲ್ಲೇ ತುಂಡಾಗುತ್ತೆ.

ಸೀಸದ ಬೆಸುಗೆ (ಸೋಲ್ಡರಿಂಗ್) ಹಾಕೋಣ ಅಂತ ಯಾರಾದರೂ ಹೇಳಬಹುದು. ಬೇಡ. ಬೆಸುಗೆ ಎಳೆಗಳ ಒಳಗೆ ಹರಿದು ಗಟ್ಟಿಯಾಗುತ್ತೆ, ಅಲ್ಲಾಟಕ್ಕೆ ಅದರ ಅಂಚಲ್ಲೇ ಮುರಿಯುತ್ತೆ. ಒಳ್ಳೇ ಪ್ರೆಸ್ಸಿನಲ್ಲಿ ಒತ್ತಿಸಿ. ಸುತ್ತಿಗೆಯಲ್ಲಿ ಬಡಿದ ಲಗ್ ನಂಬಬೇಡಿ.

ಕೊಪ್ಪದ ಜೀಪು

ಹಾಕುವ ಮೊದಲು ಲಗ್‌ಗೆ ಗ್ರೀಸ್ ಚೆನ್ನಾಗಿ ಹಚ್ಚಿ. ಮಲೆನಾಡಿನ ಮಳೆಗೆ ಅದಿಲ್ಲದೆ ಆಗಲ್ಲ.

ಮೀಟರ್ ಮೇಷ್ಟ್ರು

ಹಚ್ಚಬೇಕು, ಆದರೆ ಕೊನೆಗೆ. ಗ್ರೀಸಿನಲ್ಲಿ ಕರೆಂಟ್ ಹರಿಯಲ್ಲ. ಮೊದಲು ಚಾಸಿಯ ಪೇಂಟು, ತುಕ್ಕು ಎಲ್ಲ ಕೆರೆದು ಎಮರಿ ಪೇಪರ್ ಹಾಕಿ, ಲಗ್ ಅಗಲದಷ್ಟು ಬೆಳ್ಳಗೆ ಹೊಳೆಯುವ ಕಬ್ಬಿಣ ಕಾಣಬೇಕು. ಲಗ್ ಅಲ್ಲಿಗೆ ನೇರ ತಾಗಲಿ. ಮೇಲೆ ಹಲ್ಲಿರುವ ಸ್ಟಾರ್ ವಾಶರ್. ಲೋಹಕ್ಕೂ ಲಗ್‌ಗೂ ನಡುವೆ ಮಾಮೂಲಿ ವಾಶರ್ ತುರುಕಬೇಡಿ, ತುಕ್ಕು ಹಿಡಿಯೋಕೆ ಇನ್ನೊಂದು ಮೇಲ್ಮೈ ಅಷ್ಟೇ. ಚೆನ್ನಾಗಿ ಬಿಗಿದು, ವೋಲ್ಟ್ ಅಳೆದು ನೋಡಿ, ಸರಿ ಬಂದ ಮೇಲೆ ಹೊರಗಿನಿಂದ ಗ್ರೀಸೋ ವ್ಯಾಸಲೀನೋ ಮೆತ್ತಿ. ಬೇಕಾದರೆ ಅದರ ಮೇಲೆ ಪೇಂಟೂ ಹೊಡೆಯಿರಿ.

ತೆಳ್ಳಗೆ ಹಚ್ಚಿ ಬಿಗಿದರೆ ಗ್ರೀಸ್ ಹೊರಗೆ ಒತ್ತಿ ಹೋಗುತ್ತೆ, ಏನೂ ಆಗಲ್ಲ ಅನ್ನುವವರೂ ಇದ್ದಾರೆ. ಅದೂ ಸುಳ್ಳಲ್ಲ. ಆದರೆ ಕೆರೆಯದೆ ಬರೀ ಗ್ರೀಸ್ ಹಚ್ಚಿ ಬಿಗಿಯುವ ಅಭ್ಯಾಸ ನಮ್ಮ ಕಡೆ ಜಾಸ್ತಿ, ಅದಕ್ಕೆ ಹೇಳಿದೆ.

ಹೊಸನಗರ ಲೋಡ್

ಹೊಸ ಪಟ್ಟಿ ಬಿತ್ತು. ಮೈನಸ್ ಗೂಟದಿಂದ ಇಂಜಿನ್ನಿಗೆ ಈಗ 0.2. ಬೆಳಿಗ್ಗೆ ಚಳಿಯಲ್ಲೂ ಕೀ ತಿರುಗಿಸಿದ ಕೂಡಲೇ ಹಿಡಿಯುತ್ತೆ. ಆಕ್ಸಿಲರೇಟರ್ ಕೇಬಲ್ ತಣ್ಣಗಿದೆ.

ಒಂದು ಭಯ. ಮುಂಚೆ ಸೆಲ್ಫ್ ಹೊಡೆದಾಗ ಬ್ಯಾಟರಿ 11.9 ಇತ್ತು, ಈಗ 10.4ಕ್ಕೆ ಇಳಿಯುತ್ತೆ. ಬ್ಯಾಟರಿ ಕೆಟ್ಟಿತಾ?

ಮೀಟರ್ ಮೇಷ್ಟ್ರು

ಇಲ್ಲ ಮಾರಾಯ್ರೆ, ಈಗಲೇ ಅದು ದುಡಿಯುತ್ತಿರುವುದು. ಸೆಲ್ಫಿಗೆ ಪೂರ್ತಿ ಕರೆಂಟ್ ಸಿಗುತ್ತಿದೆ, ಅದಕ್ಕೆ ಇಳಿಯುತ್ತೆ. 9.6ಕ್ಕಿಂತ ಕೆಳಗೆ ಹೋದರೆ ಆಗ ಬ್ಯಾಟರಿ ಮೇಲೆ ಅನುಮಾನ ಪಡಿ. ಇಂಜಿನ್ ಓಡುವಾಗ ಬ್ಯಾಟರಿ ಗೂಟಗಳ ನಡುವೆ 13.8ರಿಂದ 14.4 ಬರುತ್ತಿದೆಯಾ ಅಂತಲೂ ನೋಡಿ. ಡೈನಮೋದ ಅರ್ಥ್ ಕೂಡ ಅದೇ ಇಂಜಿನ್ ಮೂಲಕವೇ ಅಲ್ವಾ, ಚಾರ್ಜಿಂಗ್ ಕೂಡ ಸುಧಾರಿಸಿರಬೇಕು.

ಹೊಸನಗರ ಲೋಡ್

14.1 ಬರುತ್ತಿದೆ. ಮುಂಚೆ ನೋಡಿರಲಿಲ್ಲ.

ಈಗ ಹಿಂದಿನ ಲೈಟ್. ಬ್ರೇಕ್ ಒತ್ತಿದರೆ ಮುಂದಿನ ಪಾರ್ಕಿಂಗ್ ಇನ್ನೂ ಉರಿಯುತ್ತೆ. ನನಗೆ ಇದು ಅರ್ಥವೇ ಆಗಿಲ್ಲ. ಬ್ರೇಕ್ ವೈರಿಗೂ ಪಾರ್ಕಿಂಗ್ ವೈರಿಗೂ ಎಲ್ಲಿ ತಾಗಿದೆ? ಇಲಿ ಕಡಿದು ಎರಡೂ ಸೇರಿರಬಹುದಾ?

ಸಾಗರ ರೋಡ್ ವೈರ್‌ಮ್ಯಾನ್

ಇಲಿ ಕಾಟ ನಮ್ಮಲ್ಲಿ ಇದ್ದೇ ಇದೆ, ಆದರೆ ಇಲ್ಲಿ ಅವುಗಳ ತಪ್ಪಿಲ್ಲ. ತಾಗಿರೋದು ಬಲ್ಬಿನ ಒಳಗೆ.

ಹಿಂದಿನ ಬಲ್ಬ್ ತೆಗೆದು ಬೆಳಕಿಗೆ ಹಿಡಿಯಿರಿ. ಒಳಗೆ ಎರಡು ತಂತಿ ಇವೆ, 21 ವ್ಯಾಟಿನದ್ದು ಬ್ರೇಕಿಗೆ, 5 ವ್ಯಾಟಿನದ್ದು ಪಾರ್ಕಿಂಗಿಗೆ. ಅಡಿಯಲ್ಲಿ ಎರಡು ಸೀಸದ ಚುಕ್ಕೆ, ಎರಡು ವೈರಿಗೆ. ಅರ್ಥ್ ಮಾತ್ರ ಒಂದೇ, ಆ ಹಿತ್ತಾಳೆಯ ಮೈ. ಹೋಲ್ಡರಿನ ಅರ್ಥ್ ಕೆಟ್ಟಿದ್ದರೆ ಬ್ರೇಕ್ ಒತ್ತಿದಾಗ ಕರೆಂಟ್ ದೊಡ್ಡ ತಂತಿಯಲ್ಲಿ ಬಂದು ಮೈಗೆ ತಲುಪುತ್ತೆ. ಅಲ್ಲಿಂದ ಇಳಿಯೋಕೆ ದಾರಿ ಇಲ್ಲ. ಪಕ್ಕದ 5 ವ್ಯಾಟ್ ತಂತಿ ಹಿಡಿದು, ಪಾರ್ಕಿಂಗ್ ವೈರಿನಲ್ಲಿ ಉಲ್ಟಾ ಹೊರಟು, ಮುಂದಿನ ಪಾರ್ಕಿಂಗ್ ಬಲ್ಬ್ ಮೂಲಕ ಅರ್ಥಿಗೆ ಇಳಿಯುತ್ತೆ. ದಾರಿಯಲ್ಲಿ ಸಿಕ್ಕ ಬಲ್ಬೆಲ್ಲ ಸಣ್ಣಗೆ ಉರಿಯುತ್ತೆ. ಇಂಡಿಕೇಟರ್ ಅದೇ ಲ್ಯಾಂಪಿನಲ್ಲಿ ಇರೋದರಿಂದ ಅದರ ತಂತಿಯಲ್ಲೂ ಹೀಗೇ ನುಗ್ಗುತ್ತೆ. ಅದಕ್ಕೇ ಕಣ್ಣು ಮಿಟುಕೋದು.

ರಾತ್ರಿ ಒಂದು ಪರೀಕ್ಷೆ ಮಾಡಿ. ಪಾರ್ಕಿಂಗ್ ಹಾಕಿಟ್ಟು ಬ್ರೇಕ್ ಒತ್ತಿ. ಹಿಂದಿನ ಬೆಳಕು ಜಾಸ್ತಿ ಆಗುವ ಬದಲು ಆರಿಹೋಗುತ್ತಾ ನೋಡಿ.

ಹೊಸನಗರ ಲೋಡ್

ಆರುತ್ತೆ! ತಮ್ಮ ಹಿಂದೆ ನಿಂತು ನೋಡಿ ಹೇಳಿದ. ಅಂದರೆ ಇಷ್ಟು ದಿನ ಮಂಜಿನಲ್ಲಿ ನಾನು ಬ್ರೇಕ್ ಒತ್ತಿದಾಗ ಹಿಂದಿನವನಿಗೆ ಗಾಡಿಯೇ ಮಾಯ ಆಗುತ್ತಿತ್ತು.

ಸಾಗರ ರೋಡ್ ವೈರ್‌ಮ್ಯಾನ್

ಹೌದು. ಎರಡು ಕಡೆಯಲ್ಲೂ ಪ್ಲಸ್ ಬಂದಾಗ ಆ ಸಣ್ಣ ತಂತಿಯಲ್ಲಿ ಕರೆಂಟ್ ಹರಿಯೋದೇ ಇಲ್ಲ. ನನ್ನನ್ನು ಕೇಳಿದರೆ ಸೆಲ್ಫಿಗಿಂತ ಮೊದಲು ಮಾಡಬೇಕಾಗಿದ್ದ ಕೆಲಸ ಇದು. ಸೆಲ್ಫ್ ಹೊಡೆಯದಿದ್ದರೆ ಗಾಡಿ ಮನೆಯಲ್ಲಿ ನಿಲ್ಲುತ್ತೆ ಅಷ್ಟೇ.

ಲ್ಯಾಂಪ್ ಬಿಚ್ಚಿ, ಕೂತಿರುವ ತಗಡು ಕೆರೆದು ಚಾಸಿಗೆ ಹೊಸ ಅರ್ಥ್ ಕೊಡಿ, ಸರಿಹೋಗುತ್ತೆ.

ಭದ್ರಾವತಿ ಫಿಟ್ಟರ್

ಇದಕ್ಕೆ ನಾನು ಒಪ್ಪಲ್ಲ. ಬೇರೆ ಗಾಡಿಯಾಗಿದ್ದರೆ ಸರಿ. ಮೀನಿನ ಗಾಡಿಯ ಹಿಂದಿನ ಅಡ್ಡಪಟ್ಟಿ ಪದರ ಪದರವಾಗಿ ಏಳುತ್ತಿರುತ್ತೆ. ಇವತ್ತು ಕೆರೆದು ಬಿಗಿದರೆ ಮುಂದಿನ ಮಳೆಗಾಲದಲ್ಲಿ ಅದೇ ಕತೆ. ಲ್ಯಾಂಪುಗಳಿಂದ ಕಪ್ಪು ವೈರ್ ಎಳೆದು, ಬ್ಯಾಟರಿಯ ಮೈನಸ್ ಕೇಬಲ್ ಚಾಸಿಗೆ ಕೂತಿರುವ ಬೋಲ್ಟಿಗೇ ತಂದು ಸೇರಿಸಿ. ಹಿಂದಿನ ಕಬ್ಬಿಣದ ಹಂಗೇ ಬೇಡ.

ಮೀಟರ್ ಮೇಷ್ಟ್ರು

ಇಲ್ಲಿ ಫಿಟ್ಟರ್ ಹೇಳಿದ್ದೇ ಸರಿ. ಆದರೆ ಮನೆಯಲ್ಲಿ ಉಳಿದ ಸಣ್ಣ ವೈರ್ ಎಳೆಯಬೇಡಿ. ಲೆಕ್ಕ ನೋಡಿ: ಎರಡು ಬ್ರೇಕ್ ಬಲ್ಬ್ 42 ವ್ಯಾಟ್, ಎರಡು ಇಂಡಿಕೇಟರ್ ಹಜಾರ್ಡ್ ಹಾಕಿದರೆ 42, ಪಾರ್ಕಿಂಗ್ 10. ಒಟ್ಟು 94 ವ್ಯಾಟ್, ಸುಮಾರು 8 ಆಂಪಿಯರ್. ವೈರ್ 6 ಮೀಟರ್ ಇದೆ ಅಂದುಕೊಂಡರೆ 2.5 ಸ್ಕ್ವೇರ್ ಎಂಎಂನಲ್ಲಿ 0.35 ವೋಲ್ಟ್ ಬೀಳುತ್ತೆ, 4 ಸ್ಕ್ವೇರ್‌ನಲ್ಲಿ 0.22. ನಾನಾದರೆ 4 ಹಾಕ್ತೀನಿ. ವೈರಿಗೆ ಪೈಪ್ ಹಾಕಿ, ಸೈಲೆನ್ಸರ್ ಕಡೆ ಬೇಡ, ಪ್ರೊಪೆಲ್ಲರ್ ಶಾಫ್ಟಿನಿಂದ ದೂರ ಕಟ್ಟಿ. ಹಿಂದಿನ ತುದಿಯ ಲಗ್ ಕೆಳಮುಖ ಇರಲಿ. ಮೇಲ್ಮುಖ ಇದ್ದರೆ ನೀರು ಇನ್ಸುಲೇಷನ್ ಒಳಗೆ ಇಳಿದು, ಹೊರಗೆ ಹೊಸದಾಗಿ ಕಂಡರೂ ಒಳಗೆಲ್ಲ ಕಿಲುಬು ಹತ್ತಿರುತ್ತೆ.

ರಿಪ್ಪನ್‌ಪೇಟೆ ಎಲ್‌ಇಡಿ

ಇಷ್ಟೆಲ್ಲ ಯಾಕೆ, ಎಲ್‌ಇಡಿ ಲ್ಯಾಂಪ್ ಹಾಕಿದರೆ ಆಯ್ತಲ್ಲ? ನಾನು ಹಾಕಿದ ಮೇಲೆ ಜಗಮಗ.

ಸಾಗರ ರೋಡ್ ವೈರ್‌ಮ್ಯಾನ್

ಎಲ್‌ಇಡಿ ಕಡಿಮೆ ಕರೆಂಟ್ ತಗೊಳ್ಳುತ್ತೆ, ಅದಕ್ಕೆ ಕೆಟ್ಟ ಅರ್ಥಿನಲ್ಲೂ ಉರಿಯುತ್ತೆ. ಕೆಟ್ಟದ್ದು ಕಾಣೋದಿಲ್ಲ, ಅಷ್ಟೇ. ಅರ್ಥ್ ಪೂರ್ತಿ ಬಿಟ್ಟ ದಿನ ಅದೂ ಆರುತ್ತೆ. ಮೊದಲು ಅರ್ಥ್, ಆಮೇಲೆ ಏನಾದರೂ ಹಾಕಿಕೊಳ್ಳಿ. ಇಂಡಿಕೇಟರಿಗೆ ಎಲ್‌ಇಡಿ ಹಾಕಿದರೆ ಹಳೇ ಫ್ಲ್ಯಾಶರ್ (ಇಂಡಿಕೇಟರ್ ಮಿಣುಕಿಸುವ ರಿಲೇ) ಸರಿಯಾಗಿ ಮಿಣುಕಿಸಲ್ಲ, ಅದನ್ನೂ ಬದಲಾಯಿಸಬೇಕು.

ಹೊಸನಗರ ಲೋಡ್

ಫಿಟ್ಟರ್ ಹೇಳಿದ ಹಾಗೇ ಮಾಡಿದೆ. ಲ್ಯಾಂಪ್ ಬಿಚ್ಚಲು ಸ್ಕ್ರೂ ತಿರುಗಿಸಿದರೆ ಸ್ಕ್ರೂ ಜೊತೆ ತಗಡೇ ಕಿತ್ತು ಬಂತು, ಅಷ್ಟು ತಿಂದಿದೆ. ಬಲ್ಬ್ ಹೋಲ್ಡರ್ ಒಳಗೂ ಕೆಂಪು ತುಕ್ಕು, ಸ್ಪ್ರಿಂಗ್ ಕೂತುಬಿಟ್ಟಿದೆ. ಎರಡೂ ಲ್ಯಾಂಪ್ ಹೊಸದೇ ಹಾಕಿದೆ. 4 ಸ್ಕ್ವೇರ್ ವೈರ್ ಮುಂದಿನ ತನಕ ಬಂತು. ಮುಂಚೆ ಬ್ರೇಕ್ ಒತ್ತಿದಾಗ ಹೋಲ್ಡರಿನ ಮೈಯಲ್ಲಿ ಮೈನಸ್ ಗೂಟಕ್ಕೆ 7 ವೋಲ್ಟಿನ ಮೇಲೆ ಬರುತ್ತಿತ್ತು, ಈಗ 0.1. ಪಾರ್ಕಿಂಗ್ ಉರಿಯೋದು ನಿಂತಿತು. ರಾತ್ರಿ ಬ್ರೇಕ್ ಒತ್ತಿದರೆ ಹಿಂದಿನ ಬೇಲಿ ಕೆಂಪಗೆ ಕಾಣುತ್ತೆ.

ಉಳಿದದ್ದು ಟೆಂಪರೇಚರ್ ಮುಳ್ಳು. ಇಂಜಿನ್ ಪಟ್ಟಿ ಹಾಕಿದ ಮೇಲೂ ಹೆಡ್‌ಲೈಟ್ ಜೊತೆ ಕುಣಿಯುತ್ತೆ.

ಭದ್ರಾವತಿ ಫಿಟ್ಟರ್

ಸೆಂಡರ್‌ಗೆ, ಅಂದರೆ ಇಂಜಿನ್ನಿನ ಬಿಸಿ ಅಳೆದು ಮುಳ್ಳಿಗೆ ತಿಳಿಸುವ ಸೆನ್ಸರ್‌ಗೆ, ಟೆಫ್ಲಾನ್ ಟೇಪ್ ಸುತ್ತಿದ್ದಾರಾ ನೋಡಿ. ಅದಕ್ಕೆ ಒಂದೇ ವೈರ್, ಅರ್ಥ್ ಥ್ರೆಡ್ ಮೂಲಕ. ಟೇಪ್ ಜಾಸ್ತಿ ಸುತ್ತಿದರೆ ರೀಡಿಂಗ್ ತಪ್ಪುತ್ತೆ.

ಮೀಟರ್ ಮೇಷ್ಟ್ರು

ಟೇಪ್ ಕಾರಣವಾದರೆ ಮುಳ್ಳು ಯಾವಾಗಲೂ ತಪ್ಪು ತೋರಿಸಬೇಕಿತ್ತು. ಹೆಡ್‌ಲೈಟ್ ಹಾಕಿದಾಗ ಮಾತ್ರ ಕುಣಿಯೋದರಿಂದ ಕ್ಯಾಬಿನ್ ಅರ್ಥ್ ನೋಡಿ. ಕಪ್ಪು ಕಡ್ಡಿ ಮೈನಸ್ ಗೂಟಕ್ಕೆ, ಕೆಂಪು ಕಡ್ಡಿ ಡ್ಯಾಶ್ ಬೋರ್ಡಿನ ಹಿಂದಿನ ಬರಿ ಕಬ್ಬಿಣಕ್ಕೆ. ಹೈಬೀಮ್ ಹಾಕಿ, ಎಷ್ಟು ಬರುತ್ತೆ?

ಹೊಸನಗರ ಲೋಡ್

1.1 ವೋಲ್ಟ್. ಲೈಟ್ ಆರಿಸಿದರೆ ಸೊನ್ನೆ.

ಮೀಟರ್ ಮೇಷ್ಟ್ರು

ಎರಡು 60 ವ್ಯಾಟ್ ಬಲ್ಬ್, 10 ಆಂಪಿಯರ್. ಅಂದರೆ 0.11 ಓಮ್ ಅಡ್ಡಿ. ಹೆಡ್‌ಲೈಟ್ ಉರಿಯುವಾಗ ಇಡೀ ಕ್ಯಾಬಿನ್ 1.1 ವೋಲ್ಟಿನಷ್ಟು ಮೇಲೆದ್ದಿರುತ್ತೆ, ಅದರ ಜೊತೆ ಗೇಜಿನ ಅರ್ಥೂ ಏಳುತ್ತೆ. ಸೆಂಡರ್ ಇಂಜಿನ್ನಿನ ಮೇಲೆ ಸೊನ್ನೆಯಲ್ಲೇ ಇದೆ. ಗೇಜು ಪಾಪ ಏನು ಮಾಡುತ್ತೆ?

ಕ್ಯಾಬಿನ್ ಮೌಂಟಿಂಗ್ ಹತ್ತಿರ ಚಾಸಿಗೆ ಹೋಗುವ ಸಣ್ಣ ಪಟ್ಟಿ ಹುಡುಕಿ. ಸಿಗದಿದ್ದರೆ 10 ಸ್ಕ್ವೇರ್ ವೈರಿನಲ್ಲಿ ಹೊಸದು ಹಾಕಿ. ಕೆರೆಯೋದು, ಸ್ಟಾರ್ ವಾಶರ್, ಗ್ರೀಸ್, ಅದೇ ಕ್ರಮ.

ಹೊಸನಗರ ಲೋಡ್

ಪಟ್ಟಿ ಇರಲೇ ಇಲ್ಲ. ಬೋಲ್ಟ್ ತೂತು ಮಾತ್ರ ಇತ್ತು. ಇಷ್ಟು ವರ್ಷ ಕ್ಯಾಬಿನ್ನಿನ ಕರೆಂಟೆಲ್ಲ ಯಾವ ಕೇಬಲ್ಲಿನಲ್ಲೋ ಯಾವ ರಾಡಿನಲ್ಲೋ ಇಳಿಯುತ್ತಿತ್ತು. ಹೊಸದು ಹಾಕಿದೆ, ಈಗ 0.05. ಮುಳ್ಳು ಕದಲಲ್ಲ. ಹೆಡ್‌ಲೈಟ್ ಕೂಡ ಬೆಳ್ಳಗಾಗಿದೆ, ಹಾರ್ನ್ ಮೊದಲಿಗಿಂತ ಜೋರು.

ಸೆಲ್ಫ್ ಹಳೇದೇ, ವೈರಿಂಗ್ ಹಳೇದೇ. ನಾಡಿದ್ದು ಎಫ್‌ಸಿ.

ಅಡಿಕೆ ಲೋಡ್ ತೀರ್ಥಹಳ್ಳಿ

ಒಳ್ಳೇದಾಯ್ತು. ನನ್ನದೂ ಒಂದು ಕೇಳಿಬಿಡ್ತೇನೆ. ಟ್ರ್ಯಾಕ್ಟರ್ ಟ್ರೇಲರಿನ ಲೈಟ್ ರಸ್ತೆಯಲ್ಲಿ ಹೋಗುವಾಗ ಮಿಣಮಿಣ ಅನ್ನುತ್ತೆ, ನಿಂತಾಗ ಸರಿ ಇರುತ್ತೆ. ಬಲ್ಬು, ವೈರು ಎಲ್ಲ ಹೊಸದು.

ಸಾಗರ ರೋಡ್ ವೈರ್‌ಮ್ಯಾನ್

ಟ್ರೇಲರಿನ ಅರ್ಥ್ ಕೊಕ್ಕೆಯ ಪಿನ್ ಮೂಲಕ ಬರುತ್ತಿದೆ. ಪಿನ್ ಅಲುಗಿದಾಗೆಲ್ಲ ಬಿಡುತ್ತೆ, ಗ್ರೀಸ್ ಬೇರೆ ಇರುತ್ತೆ ಅಲ್ಲಿ. ಸಾಕೆಟ್ ಬಿಚ್ಚಿ ನೋಡಿ, ಅರ್ಥಿಗೆ ಅಂತಲೇ ಒಂದು ಪಿನ್ ಇರುತ್ತೆ, ಬಹಳಷ್ಟು ಟ್ರೇಲರಿನಲ್ಲಿ ಅದಕ್ಕೆ ವೈರೇ ಹಾಕಿರಲ್ಲ. ಟ್ರ್ಯಾಕ್ಟರ್ ಕಡೆ ಆ ಪಿನ್ನಿಂದ ಬ್ಯಾಟರಿ ಮೈನಸ್‌ಗೆ, ಟ್ರೇಲರ್ ಕಡೆ ಎರಡೂ ಲ್ಯಾಂಪಿಗೆ 4 ಸ್ಕ್ವೇರ್ ಕಪ್ಪು ವೈರ್ ಎಳೆಯಿರಿ. ಎಳೆದ ಮೇಲೆ ಮೀಟರ್ ಇಟ್ಟು, ಬ್ರೇಕ್ ಒತ್ತಿಸಿ, ಸಂಖ್ಯೆ ಹೇಳಿ.